ಋತುವಿಗೆ ಮುನ್ನ ಅಭಿಮಾನಿಯ ಲೆಕ್ಕ: ಬೆಂಗಳೂರು ಎಫ್‌ಸಿ ಆಟಗಾರರ ಪಟ್ಟಿ ಹೇಳುವುದೇನು?

ಬೆಂಗಳೂರು: ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯಗಳಿರುವುದಿಲ್ಲ. ಗ್ಯಾಲರಿಗಳು ಖಾಲಿ. ಆದರೆ ಬೆಂಗಳೂರು ಎಫ್‌ಸಿ ಅಭಿಮಾನಿಗಳ ಬಾಯಿಗೆ ಬಿಡುವಿಲ್ಲದ ಕಾಲವೂ ಅದೇ. ಯಾರು ಬಂದರು, ಯಾರು ಹೋದರು, ಯಾರ ಒಪ್ಪಂದ ಮುಗಿಯಿತು, ಯಾರ ಮೊಣಕಾಲು ಇನ್ನೂ ವಾಸಿಯಾಗಿಲ್ಲ ಎಂಬ ಚರ್ಚೆ ಆಗ ಕಾವೇರುತ್ತದೆ. ಮೆಟ್ರೊ ರೈಲಿನಲ್ಲಿ ನೀಲಿ ಅಂಗಿ ತೊಟ್ಟ ಇಬ್ಬರು ಎದುರಾದರೆ ಸಾಕು, ಮುಂದಿನ ಋತುವಿನ ಹನ್ನೊಂದರ ತಂಡ ಸಿದ್ಧವಾಗಿಬಿಡುತ್ತದೆ. ಕೋಚ್‌ಗೆ ಎರಡು ತಿಂಗಳು ಹಿಡಿಯುವ ಕೆಲಸವನ್ನು ಅಭಿಮಾನಿಗಳು ಎರಡು ನಿಲ್ದಾಣಗಳ ನಡುವೆ ಮುಗಿಸುತ್ತಾರೆ.

ಈ ಲೆಕ್ಕಾಚಾರ ಆಗಾಗ ತಪ್ಪುತ್ತದೆ ಎಂಬುದು ಅವರಿಗೂ ತಿಳಿಯದ ಸಂಗತಿಯೇನಲ್ಲ. ಆದರೆ ಅದು ಯಾವ ಕಡೆಗೆ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂದು ನೋಡಿದರೆ ಭಾರತದ ಕ್ಲಬ್ ಫುಟ್‌ಬಾಲ್‌ನ ಒಳರಚನೆಯೇ ಕಣ್ಣಿಗೆ ಬೀಳುತ್ತದೆ. ಆಟಗಾರರ ಪಟ್ಟಿಯಲ್ಲಿ ಕಾಣುವ ಹೆಸರುಗಳಿಗಿಂತ, ಆ ಹೆಸರುಗಳು ಯಾವ ಲೆಕ್ಕದಲ್ಲಿ ಪಟ್ಟಿಗೆ ಸೇರಿವೆ ಎಂಬುದೇ ಇಲ್ಲಿ ಹೆಚ್ಚು ಮುಖ್ಯ.

ಗೆಲುವಿನ ರೂಢಿ

ಬೆಂಗಳೂರಿನ ಅಭಿಮಾನಿಗಳ ನಿರೀಕ್ಷೆ ಸದಾ ತುಸು ಹೆಚ್ಚೇ ಇರುವುದಕ್ಕೆ ಕಾರಣವಿದೆ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಈ ಕ್ಲಬ್ ಆಡಿದ ಮೊದಲ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. ನಡುವೆ ಹಾಗೂ ಅನಂತರ ಎರಡು ಬಾರಿ ಫೆಡರೇಷನ್ ಕಪ್ ಬಂತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಹಿರಿಮೆಯೂ ದಕ್ಕಿತು. ದೋಹಾದಲ್ಲಿ ನಡೆದ ಆ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ತಂಡ 1-0ಯಿಂದ ಗೆದ್ದಿತು. ನಾಲ್ಕೇ ವರ್ಷಗಳಲ್ಲಿ ಇಷ್ಟು ಕಂಡ ಅಭಿಮಾನಿ ಬಳಗಕ್ಕೆ ಸೋಲನ್ನು ನಿರೀಕ್ಷಿಸುವ ಅಭ್ಯಾಸವೇ ಬೆಳೆಯಲಿಲ್ಲ.

2017-18ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಕಾಲಿಟ್ಟಾಗಲೂ ಕಥೆ ಬದಲಾಗಲಿಲ್ಲ. 18 ಪಂದ್ಯಗಳಿಂದ 40 ಅಂಕ ಗಳಿಸಿ ತಂಡ ಅಗ್ರಸ್ಥಾನ ಪಡೆಯಿತು. ವೆನೆಜುವೆಲಾದ ಮಿಕು 15 ಗೋಲು, ನಾಯಕ ಸುನಿಲ್ ಚೆಟ್ರಿ 14 ಗೋಲು ಹೊಡೆದರು. ಆದರೆ ಕಂಠೀರವದಲ್ಲಿಯೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎಫ್‌ಸಿ 3-2ರಿಂದ ಗೆದ್ದು ಕಪ್ ಒಯ್ದಿತು. ಮರು ವರ್ಷ ಮತ್ತೆ ಅಗ್ರಸ್ಥಾನ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ತಂಡಕ್ಕೆ ಕಪ್ ತಂದಿತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದವರಿಗೆ ಪ್ರತ್ಯೇಕ ಶೀಲ್ಡ್ ನೀಡುವ ಪದ್ಧತಿ ಆರಂಭವಾದದ್ದು 2019-20ರಲ್ಲಿ. ಹಾಗಾಗಿ ಎರಡು ವರ್ಷ ಸತತವಾಗಿ ಮೊದಲಿಗರಾದ ತಂಡದ ಕಪಾಟಿನಲ್ಲಿ ಅದರ ಗುರುತಿಲ್ಲ. ಹಳೆಯ ಅಭಿಮಾನಿಗಳಿಗೆ ಈ ವಿಷಯ ಇಂದಿಗೂ ಕಿರಿಕಿರಿಯೇ.

ಅಲ್ಲಿಂದ ಮುಂದೆ ಋತುಪೂರ್ವ ಭವಿಷ್ಯವಾಣಿಗಳು ಹದ ತಪ್ಪತೊಡಗಿದವು.

ಪಟ್ಟಿ ಮಿನುಗಿತು, ತಂಡ ಮುಗ್ಗರಿಸಿತು

2019ರ ಬೇಸಿಗೆಯಲ್ಲಿ ಮಿಕು ಕ್ಲಬ್ ತೊರೆದರು. ಅವರ ಜಾಗಕ್ಕೆ ಸ್ಪೇನ್‌ನ ಮಾನುಯೆಲ್ ಒನ್ವು ಬಂದರು. ಚಾಂಪಿಯನ್ ತಂಡದಲ್ಲಿ ಒಬ್ಬ ವಿದೇಶಿ ಹೋಗಿ ಮತ್ತೊಬ್ಬ ವಿದೇಶಿ ಬಂದರೆ ಏನು ವ್ಯತ್ಯಾಸ ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ಆದರೆ ಒನ್ವು ಇಲ್ಲಿ ಮಿಂಚಲಿಲ್ಲ. ಋತುವಿನ ಮಧ್ಯೆ ಒಡಿಶಾ ಎಫ್‌ಸಿಗೆ ಎರವಲಾಗಿ ಹೋದವರು ಅಲ್ಲಿ ಕೆಲವೇ ಪಂದ್ಯಗಳಲ್ಲಿ ಸಾಲುಸಾಲು ಗೋಲು ಹೊಡೆದರು! ಬೆಂಗಳೂರಿನ ಪರ ಚೆಟ್ರಿ 9 ಗೋಲು ಗಳಿಸಿದರೂ ಸೆಮಿಫೈನಲ್‌ನಲ್ಲಿ ಎಟಿಕೆ ಎದುರು ತಂಡದ ಪಯಣ ಮುಗಿಯಿತು. ಕೋವಿಡ್ ಕಾರಣದಿಂದ ಗೋವಾದಲ್ಲಿಯೇ ಪ್ರೇಕ್ಷಕರಿಲ್ಲದೆ ನಡೆದ 2020-21ರ ಋತುವಿನಲ್ಲಿ ಏಳನೇ ಸ್ಥಾನ. ಕಪ್ ಗೆದ್ದುಕೊಟ್ಟ ಕೋಚ್ ಕಾರ್ಲೆಸ್ ಕ್ವದ್ರಾತ್ ಮಧ್ಯದಲ್ಲಿಯೇ ನಿರ್ಗಮಿಸಿದರು. ಮರುವರ್ಷ ಆರನೇ ಸ್ಥಾನ.

ಹೆಸರುಗಳನ್ನು ನೋಡಿ ಹಿಗ್ಗುವುದಾದರೆ 2022ರ ಪಟ್ಟಿಗೆ ಸಾಟಿಯಿರಲಿಲ್ಲ. ಫಿಜಿ ದೇಶದ ರಾಯ್ ಕೃಷ್ಣ, ಭಾರತ ತಂಡದ ರಕ್ಷಣಾ ಆಟಗಾರ ಸಂದೇಶ್ ಜಿಂಗನ್, ಬಲಬದಿಯ ಪ್ರಬೀರ್ ದಾಸ್, ಮಿಡ್‌ಫೀಲ್ಡರ್ ಜಾವಿ ಹೆರ್ನಾಂಡೆಸ್ ಎಲ್ಲರೂ ಒಂದೇ ಬೇಸಿಗೆಯಲ್ಲಿ ಬಂದರು. ಎಲ್ಲರೂ ಈ ಲೀಗ್‌ನಲ್ಲಿ ಮೊದಲೇ ಹೆಸರು ಮಾಡಿದವರು. ಸಾಲದ್ದಕ್ಕೆ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿ ತಂಡವನ್ನು 2-1ರಿಂದ ಮಣಿಸಿ ಡುರಾಂಡ್ ಕಪ್ ಕೂಡ ಗೆದ್ದಾಯಿತು. ಇನ್ನೇನು ಬೇಕು?

ಲೀಗ್ ಆರಂಭವಾದ ಮೇಲೆ ಕಂಡದ್ದೇ ಬೇರೆ. ಋತುವಿನ ಅರ್ಧ ದಾರಿಯಲ್ಲಿ ತಂಡ ಅಂಕಪಟ್ಟಿಯ ಕೆಳಭಾಗದಲ್ಲಿತ್ತು. ಆಮೇಲೆ ಅದೇ ತಂಡ ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೇರಿ ನಾಕೌಟ್ ತಲುಪಿತು. ಗಮನಿಸಬೇಕಾದ ಅಂಶವೆಂದರೆ, ಈ ತಿರುವಿನಲ್ಲಿ ಬೇಸಿಗೆಯ ಪಟ್ಟಿಯಲ್ಲಿ ಯಾರೂ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳದಿದ್ದ ಹೆಸರುಗಳ ಪಾತ್ರವೂ ದೊಡ್ಡದಿತ್ತು. ಕಿರಿಯ ಫಾರ್ವರ್ಡ್ ಶಿವಶಕ್ತಿ ನಾರಾಯಣನ್ ಆರಂಭಿಕ ಹನ್ನೊಂದರಲ್ಲಿ ಆಡಿದರು. ಚೆಟ್ರಿ ಹಲವು ಪಂದ್ಯಗಳಲ್ಲಿ ಬದಲಿ ಆಟಗಾರರಾಗಿ ಬೆಂಚಿನಿಂದ ಎದ್ದು ಬಂದರು. ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಚೆಟ್ರಿ ಹೊಡೆದ ದಿಢೀರ್ ಫ್ರೀಕಿಕ್ ಗೋಲು, ಅದನ್ನು ಪ್ರತಿಭಟಿಸಿ ಕೇರಳ ತಂಡ ಮೈದಾನ ತೊರೆದ ಪ್ರಸಂಗ ಓದುಗರಿಗೆ ನೆನಪಿರಬಹುದು. ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು ಎಂಬುದು ಮಾತ್ರ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಬೆಂಗಳೂರು ಎಫ್‌ಸಿ ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಯಿತು.

2023ರ ಬೇಸಿಗೆ ತದ್ವಿರುದ್ಧ. ಕೃಷ್ಣ ಒಡಿಶಾಕ್ಕೆ, ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ ಹೋದರು. ಬಂದವರ ಪಟ್ಟಿ ಉದ್ದವಾಗಿಯೇ ಇತ್ತು. ಫೈನಲ್ ಆಡಿದ ತಂಡ ಎಂಬ ಧೈರ್ಯವೂ ಇತ್ತು. ಡಿಸೆಂಬರ್ 8ರಂದು ತವರಿನಲ್ಲಿಯೇ ಮುಂಬೈ ಸಿಟಿ ಎದುರು 0-4ರ ಸೋಲು. ಮರುದಿನ ಕೋಚ್ ಸೈಮನ್ ಗ್ರೇಸನ್ ಹುದ್ದೆ ಹೋಯಿತು. ಋತು ಮುಗಿದಾಗ 12 ತಂಡಗಳ ಪೈಕಿ ಹತ್ತನೇ ಸ್ಥಾನ. ಕ್ಲಬ್ಬಿನ ಇತಿಹಾಸದಲ್ಲಿ ಅಲ್ಲಿಯವರೆಗೆ ಅಷ್ಟು ಕೆಳಗೆ ತಂಡ ಇಳಿದಿರಲಿಲ್ಲ.

ಈ ಪೆಟ್ಟಿನ ಬಳಿಕ 2024ರಲ್ಲಿ ನಿರೀಕ್ಷೆ ತಗ್ಗಿತ್ತು. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿಗೆ ಆಗಸ್ಟ್‌ನಲ್ಲಿ 40 ತುಂಬಿತು. ಇನ್ನು ಅವರಿಂದ ಹೆಚ್ಚು ನಿರೀಕ್ಷಿಸಲಾಗದು, ಬೆಂಚಿನ ಮೇಲಿದ್ದು ಕಿರಿಯರಿಗೆ ದಾರಿ ತೋರಿದರೆ ಸಾಕು ಎಂಬ ಮಾತು ಅಭಿಮಾನಿಗಳಲ್ಲಿಯೇ ಇತ್ತು. ಅದು ಅಗೌರವದ ಮಾತಲ್ಲ. ವಯಸ್ಸಿನ ಲೆಕ್ಕ ಅಷ್ಟೇ. ಆದರೆ ಚೆಟ್ರಿ ಆ ಋತುವಿನ ಲೀಗ್‌ನಲ್ಲಿ 14 ಗೋಲು ಹೊಡೆದರು. ಭಾರತೀಯ ಆಟಗಾರರ ಪೈಕಿ ಅದೇ ಅತ್ಯಧಿಕ. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಸಾಧಿಸಿ, ಲೀಗ್‌ನಲ್ಲಿ ಈ ಸಾಧನೆ ಮಾಡಿದ ಅತಿ ಹಿರಿಯ ಆಟಗಾರರೆನಿಸಿದರು. ತಂಡ ಮೂರನೇ ಸ್ಥಾನ ಪಡೆದು, 2025ರ ಏಪ್ರಿಲ್ 12ರಂದು ಮೋಹನ್ ಬಾಗನ್ ವಿರುದ್ಧ ಫೈನಲ್ ಆಡಿತು. ಕೋಲ್ಕತ್ತದಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಿತು.

ಅಂದರೆ ಮಿನುಗುವ ಪಟ್ಟಿಯ ವರ್ಷ ತಂಡ ಮುಗ್ಗರಿಸಿ ಎದ್ದಿತು, ಧೈರ್ಯದ ವರ್ಷ ಬಿದ್ದಿತು, ಅಂಜಿಕೆಯ ವರ್ಷ ಏರಿತು.

ಇದಕ್ಕೆ ಕೊಡುವ ಸುಲಭ ವಿವರಣೆಗಳು ಹಲವು. ಲೀಗ್‌ನ ಪರಿಚಯವಿರುವ ಆಟಗಾರರನ್ನು ತಂದರೆ ಗೆಲುವು ಖಚಿತ ಎನ್ನುವವರಿದ್ದಾರೆ. 2024ರಲ್ಲಿ ಮುಂಬೈ ಸಿಟಿಯಿಂದ ಬಂದ ಅಲ್ಬೆರ್ತೊ ನೊಗೆರಾ, ಹೊರ್ಹೆ ಪೆರೇರಾ ದಿಯಾಸ್ ಹಾಗೂ ಮರಳಿ ಬಂದ ಭೇಕೆ ಅವರನ್ನು ಉದಾಹರಿಸುತ್ತಾರೆ. ಆದರೆ 2022ರ ನಾಲ್ವರೂ ಲೀಗ್ ಬಲ್ಲವರೇ ಆಗಿದ್ದರಲ್ಲ! ಕೋಚ್ ವಿಚಾರದಲ್ಲಿ ಮಾತ್ರ ಅಭಿಮಾನಿಗಳ ಅಂದಾಜಿಗೆ ಹೆಚ್ಚಿನ ಬಲವಿದೆ. 2023ರ ಡಿಸೆಂಬರ್‌ನಲ್ಲಿ ಹೊಣೆ ಹೊತ್ತ ಜೆರಾರ್ಡ್ ಸರಗೋಸಾ ಅವರಿಗೆ ಪೂರ್ತಿ ಸಿದ್ಧತಾ ಅವಧಿ ದೊರೆತದ್ದು 2024ರ ಬೇಸಿಗೆಯಲ್ಲಿ. ಕ್ವದ್ರಾತ್ ಕಾಲದಲ್ಲಿ ಸಹಾಯಕ ಕೋಚ್ ಆಗಿದ್ದ ಅವರಿಗೆ ಕ್ಲಬ್ಬೇನೂ ಹೊಸದಾಗಿರಲಿಲ್ಲ.

ಇವೆಲ್ಲಕ್ಕಿಂತ ಮೇಲಾದ ಮತ್ತೊಂದು ಅಂಶವಿದೆ. ಅದು ಪಟ್ಟಿಯಲ್ಲಿ ನೇರವಾಗಿ ಕಾಣುವುದಿಲ್ಲ.

ನಾಲ್ಕು ಕುರ್ಚಿಗಳ ಆಟ

ಯುರೋಪಿನ ದೊಡ್ಡ ಕ್ಲಬ್ಬುಗಳ ಪಟ್ಟಿ ಓದುವ ಕ್ರಮದಲ್ಲಿ ಐಎಸ್‌ಎಲ್ ಪಟ್ಟಿಯನ್ನು ಓದಲಾಗದು. ಇಲ್ಲಿ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿದೆ. 2014ರಲ್ಲಿ ಲೀಗ್ ಆರಂಭವಾದಾಗ ಮೈದಾನದಲ್ಲಿ ಏಕಕಾಲಕ್ಕೆ ಆರು ಮಂದಿ ವಿದೇಶಿಯರು ಆಡಬಹುದಿತ್ತು. ಭಾರತೀಯರು ಐವರೇ. 2017-18ರಲ್ಲಿ ವಿದೇಶಿಯರ ಮಿತಿ ಐದಕ್ಕೆ, 2021-22ರಿಂದ ನಾಲ್ಕಕ್ಕೆ ಇಳಿಯಿತು. ಇದರರ್ಥ, ಉಳಿದ ಏಳು ಸ್ಥಾನಗಳಲ್ಲಿ ಭಾರತೀಯರೇ ಇರಬೇಕು.

ಆ ನಾಲ್ಕು ಕುರ್ಚಿಗಳನ್ನು ಯಾವ ಸ್ಥಾನಗಳಿಗೆ ಹಂಚಬೇಕು ಎಂಬುದೇ ಕ್ಲಬ್ಬುಗಳ ಮುಂದಿರುವ ದೊಡ್ಡ ಪ್ರಶ್ನೆ. ಗೋಲ್‌ಕೀಪರ್ ಸ್ಥಾನಕ್ಕೆ ಸಾಮಾನ್ಯವಾಗಿ ಯಾರೂ ವಿದೇಶಿಯನ್ನು ತರುವುದಿಲ್ಲ. ಎಡ, ಬಲ ಬದಿಯ ಡಿಫೆಂಡರ್‌ಗಳು ಬಹುತೇಕ ಭಾರತೀಯರು. ಕುರ್ಚಿಗಳು ಹೋಗುವುದು ಮೈದಾನದ ನಡುಗೆರೆಯುದ್ದಕ್ಕೆ: ಒಬ್ಬ ಸೆಂಟರ್ ಬ್ಯಾಕ್, ಒಬ್ಬಿಬ್ಬರು ಮಿಡ್‌ಫೀಲ್ಡರ್, ಮುಂದೆ ಗೋಲು ಹೊಡೆಯುವವನೊಬ್ಬ. ಈ ನಾಲ್ಕನೆಯದನ್ನು ಯಾವ ತಂಡವೂ ಬಿಟ್ಟುಕೊಡಲು ಒಪ್ಪುವುದಿಲ್ಲ. ಪರಿಣಾಮ ಕಣ್ಣ ಮುಂದಿದೆ. 2014ರಿಂದ 2024-25ರವರೆಗೆ ನಡೆದ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರಿಗೆ ನೀಡುವ ಪ್ರಶಸ್ತಿ ಒಮ್ಮೆಯೂ ಭಾರತೀಯ ಆಟಗಾರನಿಗೆ ಸಂದಿಲ್ಲ. ಭಾರತದ ಫಾರ್ವರ್ಡ್ ಆಟಗಾರರು ಬೆಂಚಿನಲ್ಲಿ ಕಾಯುತ್ತಾರೆ, ಇಲ್ಲವೆ ರೆಕ್ಕೆಯ ಬದಿಗೆ ಸರಿಯುತ್ತಾರೆ. ರಾಷ್ಟ್ರೀಯ ತಂಡಕ್ಕೆ ಗೋಲು ಹೊಡೆಯುವವರು ಸಿಗುತ್ತಿಲ್ಲ ಎಂಬ ಕೊರಗಿನ ಬೇರು ಇಲ್ಲಿದೆ. ನಿವೃತ್ತಿ ಹೇಳಿದ್ದ ಚೆಟ್ರಿಯನ್ನೇ 2025ರ ಮಾರ್ಚ್‌ನಲ್ಲಿ ಮರಳಿ ಕರೆಯಬೇಕಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು.

ಬೆಂಗಳೂರು ಎಫ್‌ಸಿ ಈ ವಿಷಯದಲ್ಲಿ ಅದೃಷ್ಟಶಾಲಿ. ಮೊದಲ ದಿನದಿಂದಲೂ ಅದರ ಬಳಿ ವಿದೇಶಿಯರಿಗೆ ಸರಿಸಾಟಿಯಾಗಿ ಗೋಲು ಹೊಡೆಯುವ ಭಾರತೀಯನೊಬ್ಬನಿದ್ದ. ಬೇರೆ ತಂಡಗಳು ಒಂದು ಕುರ್ಚಿಯನ್ನು ಖರ್ಚು ಮಾಡಿ ಪಡೆಯುವುದನ್ನು ಬೆಂಗಳೂರು ಭಾರತೀಯರ ಲೆಕ್ಕದಲ್ಲಿಯೇ ಪಡೆಯಿತು. ಹಾಗಾಗಿ ಮಿಕು ಜತೆಗೆ ಚೆಟ್ರಿ, ಕೃಷ್ಣ ಜತೆಗೆ ಚೆಟ್ರಿ, ಮೆಂಡೆಸ್ ಜತೆಗೆ ಚೆಟ್ರಿ ಎಂಬಂಥ ಜೋಡಿಗಳು ಸಾಧ್ಯವಾದವು. ಸರಳವಾಗಿ ಹೇಳುವುದಾದರೆ, ನಿಯಮಪುಸ್ತಕದ ಪ್ರಕಾರ ನಾಲ್ವರಾದರೂ ಬೆಂಗಳೂರಿಗೆ ಐದನೆಯ ವಿದೇಶಿಯೊಬ್ಬ ಸಿಕ್ಕಂತಿತ್ತು. 2017ರಲ್ಲಿ ನಾರ್ವೆಯ ಲೀಗ್ ಆಡಿ ಬಂದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಇನ್ನೊಂದು ತುದಿಯಲ್ಲಿ ನಿಂತ ಮೇಲೆ ತಂಡದ ಬೆನ್ನೆಲುಬಿನ ಎರಡೂ ಕೊನೆಗಳು ಭಾರತೀಯರ ಕೈಯಲ್ಲಿದ್ದವು.

ಅಭಿಮಾನಿಗಳ ಋತುಪೂರ್ವ ಲೆಕ್ಕ ತಪ್ಪುವುದು ಇದೇ ಜಾಗದಲ್ಲಿ. ಅವರು ಬಂದವರನ್ನು ಎಣಿಸುತ್ತಾರೆ. ಯಾವ ಹೊಸ ವಿದೇಶಿ ಎಷ್ಟು ಗೋಲು ಹೊಡೆದಿದ್ದಾನೆ, ಯಾವ ಕ್ಲಬ್‌ನಲ್ಲಿ ಆಡಿದ್ದಾನೆ ಎಂದು ನೋಡುತ್ತಾರೆ. ಆದರೆ ವಿದೇಶಿಯರ ಗುಣಮಟ್ಟದಲ್ಲಿ ತಂಡ ತಂಡಗಳ ನಡುವೆ ಅಂಥ ದೊಡ್ಡ ಅಂತರವಿರುವುದಿಲ್ಲ. ಎಲ್ಲರೂ ಸುಮಾರಾಗಿ ಒಂದೇ ಮಾರುಕಟ್ಟೆಯಿಂದ ತರುತ್ತಾರೆ. ಅಂತರ ಹುಟ್ಟುವುದು ಉಳಿದ ಏಳರಲ್ಲಿ. 2023ರಲ್ಲಿ ಹೋದ ಜಿಂಗನ್, ಉದಾಂತ, ಪ್ರಬೀರ್ ಮೂವರೂ ಈ ಏಳರ ಲೆಕ್ಕದವರು. ವಿದೇಶಿಯನ್ನು ಬದಲಿಸಲು ಒಂದು ಬೇಸಿಗೆ ಸಾಕು, ಅನುಭವಿ ಭಾರತೀಯನನ್ನು ಬದಲಿಸಲು ಎರಡು ಮೂರು ವರ್ಷ ಬೇಕು ಎಂಬುದನ್ನು ಆ ಋತುವಿನ ಹತ್ತನೇ ಸ್ಥಾನ ತೋರಿಸಿತು.

ಮರುವರ್ಷ ಭಾರತೀಯರ ಸಾಲು ಮತ್ತೆ ಗಟ್ಟಿಯಾಯಿತು. ಭೇಕೆ ಮರಳಿದರು. ಸುರೇಶ್ ವಾಂಗ್ಜಂ, ರೋಶನ್ ಸಿಂಗ್ ಪಕ್ವವಾದರು. 2025ರ ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬೈ ಸಿಟಿ ತಂಡವನ್ನು 5-0ಯಿಂದ ಬಗ್ಗುಬಡಿದ ನಾಕೌಟ್ ಪಂದ್ಯದಲ್ಲಿ ಐದು ಗೋಲುಗಳನ್ನು ಐವರು ಬೇರೆ ಬೇರೆ ಆಟಗಾರರು ಹೊಡೆದರು. ಹದಿನೈದು ತಿಂಗಳ ಹಿಂದೆ ಅದೇ ಮೈದಾನದಲ್ಲಿ ಅದೇ ಎದುರಾಳಿಗೆ 0-4ರಿಂದ ಸೋತ ತಂಡವಿದು.

ಈಗ ಅಭಿಮಾನಿಗಳನ್ನು ಕಾಡುವ ನಿಜವಾದ ಪ್ರಶ್ನೆಗೆ ಬರಬಹುದು. ಚೆಟ್ರಿ ಅಂಗಿ ಕಳಚಿದ ದಿನ ತಂಡ ಕಳೆದುಕೊಳ್ಳುವುದು ಒಂದು ಋತುವಿನ ಹತ್ತು, ಹದಿನಾಲ್ಕು ಗೋಲುಗಳನ್ನು ಮಾತ್ರವಲ್ಲ. ಆ ಗೋಲುಗಳಿಗಾಗಿ ವಿದೇಶಿಯೊಬ್ಬನನ್ನು ತಂದರೆ ಮಿಡ್‌ಫೀಲ್ಡ್‌ನಲ್ಲಿಯೋ ರಕ್ಷಣೆಯಲ್ಲಿಯೋ ಒಂದು ಕುರ್ಚಿ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಭಾರತೀಯ ಬೇಕು. ಒಬ್ಬರ ನಿವೃತ್ತಿಯಿಂದ ಎರಡು ಸ್ಥಾನಗಳು ಅಲುಗುತ್ತವೆ. ಬಹಳಷ್ಟು ಮಂದಿ ಭಾವುಕರಾಗಿ ಮಾತನಾಡುವ ಈ ವಿದಾಯದ ಹಿಂದೆ ಇಂಥದೊಂದು ಒಣ ಗಣಿತವಿದೆ.

ಇದೇ ಗಣಿತದಿಂದಾಗಿ ರಯಾನ್ ವಿಲಿಯಮ್ಸ್ ಪ್ರಕರಣ ಅನೇಕರು ಭಾವಿಸಿದ್ದಕ್ಕಿಂತ ಮಹತ್ವದ್ದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ತಾಯಿಯ ಕಡೆಯಿಂದ ಮುಂಬೈಯ ನಂಟಿರುವ ಈ ಆಟಗಾರ 2023ರಲ್ಲಿ ಬೆಂಗಳೂರಿಗೆ ಬಂದಿದ್ದರು. ಭಾರತದ ಕಾನೂನು ಎರಡು ದೇಶಗಳ ಪೌರತ್ವವನ್ನು ಒಪ್ಪದ ಕಾರಣ ಅವರು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು 2025ರಲ್ಲಿ ಭಾರತದ ಪೌರರಾದರು. ಸುದ್ದಿಯಲ್ಲಿ ಅದು ರಾಷ್ಟ್ರೀಯ ತಂಡಕ್ಕೆ ಸಿಕ್ಕ ಬಲ ಎಂದೇ ಬಿಂಬಿತವಾಯಿತು. ಕ್ಲಬ್ ಅಭಿಮಾನಿಯ ಕಣ್ಣು ಹೋದದ್ದು ಬೇರೆ ಕಡೆಗೆ: ಒಂದು ಹೆಸರು ವಿದೇಶಿಯರ ಸಾಲಿನಿಂದ ಭಾರತೀಯರ ಸಾಲಿಗೆ ಸರಿಯಲು ದಾರಿಯಾಯಿತು. ಚೆಟ್ರಿಯಿಂದಾಗಿ ಸಿಕ್ಕಿದ್ದ ಐದನೆಯ ಕುರ್ಚಿಗೆ ಇನ್ನೊಂದು ಮೂಲ ದೊರೆತಂತಾಯಿತು.

ಶಿಬಿರದಲ್ಲಿ ಕಾಣುವುದೆಷ್ಟು?

ಋತುಪೂರ್ವ ಅವಧಿಯಲ್ಲಿ ಆರಂಭದ ವಾರಗಳು ಓಟ, ಕಸರತ್ತು, ದೇಹಕ್ಷಮತೆಯ ಪರೀಕ್ಷೆಗಳಲ್ಲಿ ಕಳೆಯುತ್ತವೆ. ಬಳ್ಳಾರಿ ಸಮೀಪದ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಕಟ್ಟಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬೆಂಗಳೂರು ಎಫ್‌ಸಿ ಶಿಬಿರಗಳು ನಡೆದದ್ದುಂಟು. ಬಳಿಕ ಸ್ನೇಹಪಂದ್ಯಗಳು. ಇವುಗಳ ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ವ್ಯರ್ಥ. ಮೊದಲಾರ್ಧದಲ್ಲಿ ಒಂದು ತಂಡ, ದ್ವಿತೀಯಾರ್ಧದಲ್ಲಿ ಇನ್ನೊಂದು ತಂಡ ಆಡುವುದು ಸಾಮಾನ್ಯ.

ಡುರಾಂಡ್ ಕಪ್ ಇದಕ್ಕಿಂತ ತುಸು ಗಟ್ಟಿ ಅಳತೆಗೋಲು. ಆದರೆ ಅಲ್ಲಿಯೂ ಎಲ್ಲ ಕ್ಲಬ್ಬುಗಳು ಪೂರ್ಣ ಬಲದ ತಂಡವನ್ನು ಇಳಿಸುವುದಿಲ್ಲ. ಕೆಲವು ಎರಡನೇ ತಂಡವನ್ನೇ ಕಳುಹಿಸುತ್ತವೆ. 2022ರಲ್ಲಿ ಕಪ್ ಗೆದ್ದ ಬೆಂಗಳೂರು ಲೀಗ್‌ನಲ್ಲಿ ಎಡವಿದ್ದನ್ನು ಮೇಲೆ ಹೇಳಲಾಗಿದೆ. ಅದಕ್ಕೆ ವ್ಯತಿರಿಕ್ತವಾಗಿ 2021ರಲ್ಲಿ ಹೆಚ್ಚಾಗಿ ಕಿರಿಯರನ್ನೇ ಒಳಗೊಂಡ ತಂಡವನ್ನು ಕ್ಲಬ್ ಕಳುಹಿಸಿತ್ತು. ಆ ತಂಡ ಸೆಮಿಫೈನಲ್‌ವರೆಗೆ ಹೋಯಿತು. ಶಿವಶಕ್ತಿ ಹೆಸರು ಹಲವರ ಕಿವಿಗೆ ಮೊದಲು ಬಿದ್ದದ್ದು ಆಗಲೇ. ಒಂದೂವರೆ ವರ್ಷದ ನಂತರ ಸತತ ಎಂಟು ಗೆಲುವುಗಳ ಸಾಲಿನಲ್ಲಿ ಆಡಿದ ಹುಡುಗ ಇವರೇ. ಋತುಪೂರ್ವ ಪಂದ್ಯಗಳಲ್ಲಿ ನೋಡಬೇಕಾದದ್ದು ಅಂಕಗಳನ್ನಲ್ಲ, ಹೆಸರು ಗೊತ್ತಿಲ್ಲದ ಹುಡುಗರನ್ನು ಎಂದು ಪಶ್ಚಿಮ ಗ್ಯಾಲರಿಯ ಹಳಬರು ಹೇಳುವುದರಲ್ಲಿ ತಿರುಳಿದೆ. ಬೆಂಗಳೂರಿನವರೇ ಆದ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯದಲ್ಲಿಯೇ ಗೆಲುವಿನ ಗೋಲು ಹೊಡೆದಾಗ ಕಂಠೀರವದಲ್ಲಿ ಎದ್ದ ಸದ್ದಿಗೆ ಬೇರೆಯದೇ ದನಿಯಿತ್ತು. ಊರಿನ ಹುಡುಗನೊಬ್ಬ ಊರಿನ ತಂಡಕ್ಕೆ ಗೋಲು ಹೊಡೆಯುವುದು ಇಲ್ಲಿ ಇನ್ನೂ ಅಪರೂಪವೇ. ರಾಜ್ಯಕ್ಕೆ ಸಂತೋಷ್ ಟ್ರೋಫಿ ತಂದುಕೊಡಬಲ್ಲ ಹುಡುಗರಿದ್ದಾರೆ ಎಂದು 2023ರಲ್ಲಿ ಸಾಬೀತಾದ ಮೇಲೂ ಈ ಮಾತನ್ನು ಬರೆಯಬೇಕಾಗಿರುವುದು ಸಂತೋಷದ ಸಂಗತಿಯಲ್ಲ.

ಪಟ್ಟಿಯಿತ್ತು, ಲೀಗ್ ಇರಲಿಲ್ಲ

ಇಷ್ಟೆಲ್ಲ ಲೆಕ್ಕ ಹಾಕಲು ಮೊದಲು ಲೀಗ್ ಇರಬೇಕು. 2025ರ ಬೇಸಿಗೆಯಲ್ಲಿ ಅದೇ ಇರಲಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹಾಗೂ ಲೀಗ್ ನಡೆಸುವ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಸಂಸ್ಥೆಯ ನಡುವಿನ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ನವೀಕರಣದ ಮಾತುಕತೆ ಕೊನೆಗಾಣದ ಕಾರಣ ಜುಲೈನಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಲೀಗ್ ಇಲ್ಲವೆಂದರೆ ಪ್ರಸಾರದ ಹಣವಿಲ್ಲ, ಪ್ರಾಯೋಜಕರಿಲ್ಲ, ಟಿಕೆಟ್ ಇಲ್ಲ. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಚೆಟ್ರಿಗೆ 41 ತುಂಬಿದ್ದು ಅದರ ಹಿಂದಿನ ದಿನ. ಯುವ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯಲಿವೆ ಎಂಬ ಭರವಸೆಯೂ ಆ ಪ್ರಕಟಣೆಯಲ್ಲಿತ್ತು. ಚೆನ್ನೈಯಿನ್ ಕ್ಲಬ್ ಕೂಡ ಇಂಥದೇ ಹೆಜ್ಜೆಯಿಟ್ಟಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ ತಂಡದ ಅಭಿಮಾನಿಗಳು ಆ ತಿಂಗಳು ಎಡಬದಿಯ ಡಿಫೆಂಡರ್ ಯಾರೆಂದು ಚರ್ಚಿಸಲಿಲ್ಲ. ತಂಡ ಉಳಿಯುವುದೇ ಎಂದು ಕೇಳಿಕೊಂಡರು.

ಬೆಂಗಳೂರಿನ ಮಟ್ಟಿಗೆ ಈ ಭಯಕ್ಕೆ ಹಳೆಯ ಬೇರುಗಳಿವೆ. ಒಲಿಂಪಿಕ್ಸ್ ಆಟಗಾರರನ್ನು ಕೊಟ್ಟ ನಗರವಿದು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಇಲ್ಲಿಯವರೇ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಒಂದು ಕಾಲಕ್ಕೆ ಹುಡುಗರಿಗೆ ಆಟದ ಜತೆ ಅನ್ನವನ್ನೂ ಕೊಟ್ಟಿದ್ದವು. ಎಚ್‌ಎಎಲ್ ತಂಡ 2010ರ ದಶಕದ ಆರಂಭದವರೆಗೂ ಐ-ಲೀಗ್‌ನಲ್ಲಿ ಆಡುತ್ತಿತ್ತು. ಆಮೇಲೆ ಅದೂ ರಾಷ್ಟ್ರೀಯ ಮಟ್ಟದಿಂದ ಮರೆಯಾಯಿತು. ತಂಡಗಳು ಸೋತು ಮರೆಯಾಗುವುದಕ್ಕಿಂತ ಹಣದ ಕಡತದಲ್ಲಿ ಮರೆಯಾಗುವುದೇ ಹೆಚ್ಚು ಎಂಬುದನ್ನು ಆಸ್ಟಿನ್ ಟೌನ್, ಗೌತಮಪುರದ ಹಿರಿಯರು ಕಂಡವರು.

ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಲೀಗ್ ನಡೆಸುವ ಹಕ್ಕಿಗಾಗಿ ಕರೆದ ಟೆಂಡರ್‌ಗೆ ನವೆಂಬರ್‌ನಲ್ಲಿ ಒಂದು ಬಿಡ್ ಕೂಡ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಲೀಗ್ ಫೆಬ್ರವರಿ 14ರಿಂದ ನಡೆಯಲಿದೆ, 14 ಕ್ಲಬ್ಬುಗಳೂ ಆಡಲಿವೆ ಎಂದು ಪ್ರಕಟಿಸಿದರು. ಸಮಯದ ಅಭಾವದಿಂದ ಪ್ರತಿ ತಂಡ ಇನ್ನೊಂದು ತಂಡವನ್ನು ಎರಡು ಬಾರಿ ಎದುರಿಸುವ ಎಂದಿನ ಕ್ರಮ ಕೈಬಿಟ್ಟು, ಒಂದೇ ಬಾರಿ ಆಡುವ ಮಾದರಿ ಗೊತ್ತಾಯಿತು. ಅದರ ಪ್ರಕಾರ ಒಟ್ಟು 91 ಪಂದ್ಯಗಳು.

ಪಟ್ಟಿ ಓದುವವರಿಗೆ ಈ ಬದಲಾವಣೆ ಸಣ್ಣದಲ್ಲ. 24 ಪಂದ್ಯಗಳ ಋತುವಿನಲ್ಲಿ ಮೊದಲ ಎಂಟು ಪಂದ್ಯ ಕೆಟ್ಟರೂ ಕೊನೆಯ ಎಂಟರಲ್ಲಿ ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. 2022-23ರಲ್ಲಿ ಬೆಂಗಳೂರು ಮಾಡಿದ್ದು ಅದನ್ನೇ. 13 ಪಂದ್ಯಗಳಲ್ಲಿ ಅಂಥ ಬಿಡುವಿಲ್ಲ. ಹೊಸಬರು ಹೊಂದಿಕೊಳ್ಳಲು ಹತ್ತು ಪಂದ್ಯ ತೆಗೆದುಕೊಂಡರೆ ಋತುವೇ ಮುಗಿದಿರುತ್ತದೆ. ಅಂಥ ಲೀಗ್‌ನಲ್ಲಿ ಹೊಸ ವಿದೇಶಿಯ ಹೆಸರಿಗಿಂತ, ಹಿಂದಿನ ಋತುವಿನ ಏಳು ಮಂದಿ ಭಾರತೀಯರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಎಣಿಕೆಗೆ ಹೆಚ್ಚು ಬೆಲೆ. ತವರಿನ ಪಂದ್ಯಗಳೂ ಅರ್ಧಕ್ಕಿಳಿಯುತ್ತವೆ. ಪಶ್ಚಿಮ ಗ್ಯಾಲರಿಯಲ್ಲಿ ಡೋಲು ಬಡಿಯುವವರಿಗೆ ಸಿಗುವುದು ಆರೋ ಏಳೋ ಸಂಜೆ.